ಟ್ಯಾಕ್ಸ್ ಬಿಲ್ಲಿನ ದೊಡ್ಡ ಸಾಲು

ಡಾಲಸ್‌ನ ಉತ್ತರಕ್ಕಿರೋ ಊರುಗಳಲ್ಲಿ, ಅಂದ್ರೆ ಪ್ಲೇನೋ, ಫ್ರಿಸ್ಕೋ, ಅಲೆನ್, ಮೆಕಿನ್ನಿ ಕಡೆ ಮನೆ ತಗೊಂಡಿರೋ ನಮ್ಮ ಕನ್ನಡದವರಿಗೆಲ್ಲ ಚಳಿಗಾಲ ಶುರುವಾಗೋ ಹೊತ್ತಿಗೆ ಕೌಂಟಿಯಿಂದ ಒಂದು ಟ್ಯಾಕ್ಸ್ ಬಿಲ್ ಬರುತ್ತೆ. ಬಹಳ ಜನ ಅದನ್ನ ಬಿಚ್ಚಿ, ಟೋಟಲ್ ನೋಡಿ, ನಿಟ್ಟುಸಿರು ಬಿಟ್ಟು ಒಳಗಿಡ್ತಾರೆ, ಕಟ್ಟೋದು ಹೆಂಗಿದ್ರೂ ಎಸ್ಕ್ರೋದಿಂದ, ಅಂದ್ರೆ ಮನೆ ಸಾಲದ ಕಂತಿನ ಜೊತೆ ಬ್ಯಾಂಕಿನವರು ತೆಗೆದಿಡೋ ದುಡ್ಡಿಂದ ತಾನೇ ಅಂತ. ಆ ಬಿಲ್ಲನ್ನ ಒಂದ್ಸಲ ಪೂರ್ತಿ ಓದಿ ಅಂತ ನಾನು ಕಂಡವರಿಗೆಲ್ಲ ಹೇಳ್ತಿರ್ತೀನಿ. ಕೌಂಟಿಗೆ ಇಷ್ಟು, ಸಿಟಿಗೆ ಇಷ್ಟು, ಕಮ್ಯುನಿಟಿ ಕಾಲೇಜಿಗೆ ಇಷ್ಟು ಅಂತ ಸಾಲುಸಾಲಾಗಿ ಹಾಕಿರ್ತಾರೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಸ್ಕೂಲ್ ಡಿಸ್ಟ್ರಿಕ್ಟ್‌ದು, ಎಷ್ಟೋ ಮನೆಗಳಲ್ಲಿ ಒಟ್ಟು ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ. ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಖುಷಿಪಟ್ಟು ಬರ್ತೀವಲ್ಲ, ಸರ್ಕಾರಿ ಸ್ಕೂಲುಗಳ ಭಾರದ ದೊಡ್ಡ ಪಾಲು ಬಂದು ಕೂತಿರೋದು ನಮ್ಮ ನಿಮ್ಮ ಮನೆಗಳ ಮೇಲೆ.

ನಾವು ಈ ಊರುಗಳಿಗೆ ಬಂದಿದ್ದೇ ಸ್ಕೂಲಿಗೋಸ್ಕರ. ಝಿಲ್ಲೋ ವೆಬ್‌ಸೈಟಲ್ಲಿ ಮನೆ ನೋಡುವಾಗ ಬೆಡ್‌ರೂಮ್ ಎಷ್ಟು ಅನ್ನೋದಕ್ಕಿಂತ ಮುಂಚೆ ಗ್ರೇಟ್‌ಸ್ಕೂಲ್ಸ್‌ನವರು ಸ್ಕೂಲಿಗೆ ಹತ್ತಕ್ಕೆ ಇಷ್ಟು ಅಂತ ಕೊಡೋ ನಂಬರ್ ನೋಡ್ತೀವಿ, ಒಂಬತ್ತೋ ಹತ್ತೋ ಇದ್ರೆ ಐವತ್ತು ಸಾವಿರ ಹೆಚ್ಚಾದ್ರೂ ಪರವಾಗಿಲ್ಲ ಅಂತೀವಿ. ಅದರಲ್ಲಿ ತಪ್ಪೇನಿಲ್ಲ, ಮಕ್ಕಳ ಓದಿಗೋಸ್ಕರ ಊರು ಬಿಡೋದು ನಮ್ಮಲ್ಲಿ ಹೊಸದಲ್ಲ, ನಮ್ಮಪ್ಪ ಕೂಡ ಹಳ್ಳಿಯಿಂದ ತಾಲೂಕಿಗೆ ಮನೆ ಮಾಡಿದ್ದು ಹೈಸ್ಕೂಲಿಗೋಸ್ಕರವೇ. ಆದ್ರೆ ಮನೆ ರಿಜಿಸ್ಟರ್ ಆದ್ಮೇಲೆ ಗರಾಜು, ಹಿತ್ತಲು ಬಂದ ಹಾಗೆ ಸ್ಕೂಲೂ ಮನೆ ಜೊತೆಗೇ ಬಂತು, ಇನ್ನು ಅದು ಹಾಗೇ ಇರುತ್ತೆ ಅಂತ ಅಂದ್ಕೊಂಡುಬಿಡ್ತೀವಿ. ನನಗೆ ಹೇಳ್ಬೇಕಾಗಿರೋದು ಇದೇ. ಅದು ಹಾಗೇ ಇರಲ್ಲ. ಅದನ್ನ ಪ್ರತಿವರ್ಷ ಯಾರೋ ಕೂತು ತೀರ್ಮಾನ ಮಾಡ್ತಾರೆ, ಆ ತೀರ್ಮಾನ ಆಗೋ ಜಾಗದಲ್ಲಿ ನಾವು ಇರೋದು ತುಂಬಾ ಕಮ್ಮಿ.

ನಮಗೆ ಇದು ಬೇಗ ತಲೆಗೆ ಹತ್ತದೇ ಇರೋದಕ್ಕೂ ಕಾರಣ ಇದೆ. ನಾನು ಓದಿದ್ದು ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ, ಊರು ಬಡ ಊರಾದ್ರೂ ಅಡಿಕೆ ತೋಟದವರ ಊರಾದ್ರೂ ಸ್ಕೇಲು ಒಂದೇ. ಊರವರ ಪಾಲು ಅಂದ್ರೆ ಕಾಂಪೌಂಡು, ಬೆಂಚು, ಗಡಿಯಾರ, ಆಗಸ್ಟ್ ಹದಿನೈದಕ್ಕೆ ಸಿಹಿ, ಕೊಟ್ಟವರ ಹೆಸರು ಗೋಡೆ ಮೇಲೆ. ಆಮೇಲೆ ಎಸ್‌ಡಿಎಂಸಿ ಬಂತು, ತಂದೆತಾಯಂದಿರು ಸಮಿತಿಯಲ್ಲಿ ಕೂತ್ರು, ಆದ್ರೂ ಟ್ಯಾಕ್ಸ್ ಹಾಕೋ ಅಧಿಕಾರ ಆ ಸಮಿತಿಗಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋದೇ ಒಂದು ಸರ್ಕಾರ, ಸಿಟಿಗೂ ಅದಕ್ಕೂ ಸಂಬಂಧ ಇಲ್ಲ, ಗಡಿ ಕೂಡ ಬೇರೆ. ಅದಕ್ಕೆ ತನ್ನದೇ ಚುನಾವಣೆ, ತನ್ನದೇ ಟ್ಯಾಕ್ಸ್ ರೇಟು, ತನ್ನದೇ ಸಾಲ. ಅದನ್ನ ನಡೆಸೋ ಟ್ರಸ್ಟಿಗಳಿಗೆ, ಅಂದ್ರೆ ಸ್ಕೂಲ್ ಬೋರ್ಡಿನ ಸದಸ್ಯರಿಗೆ, ಟೆಕ್ಸಸ್ ಕಾನೂನಿನ ಪ್ರಕಾರ ಒಂದು ಡಾಲರ್ ಸಂಬಳವೂ ಇಲ್ಲ.

ಊರಿನ ಮನೆಗಳ ಬೆಲೆ ಮೇಲೆ ಊರಿನ ಸ್ಕೂಲು ನಿಂತ್ರೆ ಏನಾಗುತ್ತೆ ಅಂತ ತಿಳ್ಕೋಬೇಕು ಅಂದ್ರೆ ಸ್ಯಾನ್ ಆಂಟೋನಿಯೋ ಕಥೆ ಗೊತ್ತಿರಬೇಕು. 1968ರ ಮೇ ತಿಂಗಳಲ್ಲಿ ಅಲ್ಲಿನ ಎಡ್ಜ್‌ವುಡ್ ಹೈಸ್ಕೂಲಿನ ಮಕ್ಕಳು ಕ್ಲಾಸ್ ಬಿಟ್ಟು ಹೊರಗೆ ನಡೆದುಬಿಟ್ರು. ಬಹುಪಾಲು ಮೆಕ್ಸಿಕನ್ ಅಮೆರಿಕನ್ ಕುಟುಂಬಗಳ ಮಕ್ಕಳು. ಅವರ ದೂರು ದೊಡ್ಡದೇನಲ್ಲ, ಪಾಠದ ಸಾಮಾನು ಸಾಲಲ್ಲ, ಕಟ್ಟಡ ಹಾಳಾಗಿದೆ, ಅರ್ಹತೆ ಇರೋ ಟೀಚರ್‌ಗಳಿಲ್ಲ. ಡೆಮೆಟ್ರಿಯೋ ರೋಡ್ರಿಗಸ್ ಅಂತ ಒಬ್ಬರು, ಕೆಲ್ಲಿ ಏರ್‌ಫೋರ್ಸ್ ಬೇಸ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡ್ತಿದ್ದ ಅಪ್ಪ, ಬೇರೆ ಪೋಷಕರ ಜೊತೆ ಸೇರಿ ಕೋರ್ಟಿಗೆ ಹೋದ್ರು. ಆ ಕೇಸಿನ ದಾಖಲೆಯಲ್ಲಿರೋ ಅಂಕಿಗಳನ್ನ ನೋಡಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಎಡ್ಜ್‌ವುಡ್‌ನವರು ತಮ್ಮ ಆಸ್ತಿಯ ನೂರು ಡಾಲರ್‌ಗೆ 1.05 ಡಾಲರ್ ಟ್ಯಾಕ್ಸ್ ಹಾಕ್ಕೊಂಡಿದ್ರು, ಅದರಿಂದ ಒಂದು ಮಗುವಿಗೆ ಸಿಗ್ತಿದ್ದದ್ದು 26 ಡಾಲರ್. ಅದೇ ಊರಿನ ಇನ್ನೊಂದು ಕಡೆ ಇರೋ ಆಲಮೋ ಹೈಟ್ಸ್‌ನಲ್ಲಿ ರೇಟು 0.85 ಡಾಲರ್, ಒಂದು ಮಗುವಿಗೆ ಸಿಗ್ತಿದ್ದದ್ದು 333 ಡಾಲರ್. ಅಂದ್ರೆ ಬಡವರು ಹೆಚ್ಚು ರೇಟಲ್ಲಿ ಟ್ಯಾಕ್ಸ್ ಕಟ್ತಿದ್ರು, ಅವರ ಮಕ್ಕಳಿಗೆ ಸಿಗ್ತಿದ್ದದ್ದು ಕಮ್ಮಿ. ರಾಜ್ಯದ್ದು, ಕೇಂದ್ರದ್ದು ಎಲ್ಲ ಸೇರಿಸಿದ ಮೇಲೂ 356ಕ್ಕೆ 594ರ ಅಂತರ.

ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, 1973ರ ಮಾರ್ಚ್‌ನಲ್ಲಿ ತೀರ್ಪು ಬಂತು, ಐದಕ್ಕೆ ನಾಲ್ಕು ಮತದಲ್ಲಿ ರೋಡ್ರಿಗಸ್ ಸೋತ್ರು. ಶಿಕ್ಷಣ ಅನ್ನೋದು ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂತ ಬರೆದ್ರು ಜಸ್ಟಿಸ್ ಪವೆಲ್, ಒಪ್ಪದೇ ಇದ್ದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಒಂದೇ ಒಂದು ಮತ. ಆ ಒಂದು ಮತ ಆ ಕಡೆ ಬಿದ್ದಿದ್ರೆ ಈ ದೇಶದ ಸ್ಕೂಲುಗಳ ಲೆಕ್ಕಾಚಾರವೇ ಬೇರೆ ಇರ್ತಿತ್ತು ಅಂತ ನಾನು ನಂಬ್ತೀನಿ. ಎಡ್ಜ್‌ವುಡ್‌ನವರು ಬಿಡ್ಲಿಲ್ಲ, ಈ ಸಲ ಟೆಕ್ಸಸ್‌ನ ಸ್ವಂತ ಸಂವಿಧಾನ ಹಿಡ್ಕೊಂಡು ರಾಜ್ಯದ ಕೋರ್ಟಿಗೆ ಹೋದ್ರು, 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಡ್ತು, ಕೊನೆಗೆ 1993ರಲ್ಲಿ ಬಂದ ಕಾನೂನಿಗೆ ಜನ ಇಟ್ಟ ಹೆಸರು ರಾಬಿನ್‌ಹುಡ್. ಆಸ್ತಿ ಬೆಲೆ ಹೆಚ್ಚಿರೋ ಡಿಸ್ಟ್ರಿಕ್ಟ್‌ಗಳಿಂದ ಒಂದಷ್ಟು ದುಡ್ಡನ್ನ ರಾಜ್ಯ ವಾಪಸ್ ತಗೊಳ್ಳುತ್ತೆ. ಎಷ್ಟೋ ವರ್ಷ ಅತಿ ಹೆಚ್ಚು ಕಟ್ಟಿದ್ದು ಆಸ್ಟಿನ್, ನಮ್ಮ ಕಡೆ ಪ್ಲೇನೋನೂ ಕಟ್ಟಿದೆ. ನಮ್ಮ ಗ್ರೂಪುಗಳಲ್ಲಿ ಇದರ ಬಗ್ಗೆ ಸಿಟ್ಟು ಬರೋದು ನೋಡಿದೀನಿ, ನಮ್ಮ ದುಡ್ಡು ಬೇರೆಯವರಿಗೆ ಯಾಕೆ ಅಂತ. ಎಡ್ಜ್‌ವುಡ್‌ನ 26 ಡಾಲರ್ ಗೊತ್ತಿದ್ದವರು ಹಾಗೆ ಕೇಳಲ್ಲ. ತಗೊಂಡ ದುಡ್ಡನ್ನ ರಾಜ್ಯ ಎಷ್ಟು ಪ್ರಾಮಾಣಿಕವಾಗಿ ಸ್ಕೂಲುಗಳಿಗೇ ಸೇರಿಸ್ತಿದೆ ಅಂತ ಕೇಳ್ಬೇಕು, ಆ ಪ್ರಶ್ನೆ ನ್ಯಾಯವಾದದ್ದು.

ಯಾಕಂದ್ರೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಮನೆ ಬೆಲೆ ಏರಿತು, ಟ್ಯಾಕ್ಸ್ ಏರಿತು, ಹಾಗಾದ್ರೆ ಸ್ಕೂಲಿಗೆ ದುಡ್ಡೋ ದುಡ್ಡು ಅಂತ ಅಂದ್ಕೋತೀವಿ. ಇಲ್ಲ. ಒಂದು ಮಗುವಿಗೆ ಇಷ್ಟು ಅಂತ ರಾಜ್ಯ ಒಂದು ಮೂಲ ಮೊತ್ತ ನಿಗದಿ ಮಾಡಿರುತ್ತೆ, ಊರಿನ ಟ್ಯಾಕ್ಸಿಂದ ಹೆಚ್ಚು ಬಂದ್ರೆ ರಾಜ್ಯ ತನ್ನ ಪಾಲು ಕಮ್ಮಿ ಮಾಡುತ್ತೆ. ಆ ಮೂಲ ಮೊತ್ತ 2019ರಲ್ಲಿ 6,160 ಡಾಲರ್ ಆಯ್ತು, ಆಮೇಲೆ ಆರು ವರ್ಷ ಅಲ್ಲೇ ನಿಂತಿತ್ತು. ಆ ಅವಧಿಯಲ್ಲಿ ಅಕ್ಕಿ, ಕರೆಂಟು, ಇನ್ಶೂರೆನ್ಸು, ಬಸ್ಸಿನ ಡೀಸೆಲ್ಲು ಎಲ್ಲ ಸೇರಿ ಬೆಲೆಗಳು ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಏರಿದ್ವು. 2023ರಲ್ಲಿ ರಾಜ್ಯದ ಹತ್ರ 30 ಬಿಲಿಯನ್ ಡಾಲರ್‌ಗೂ ಹೆಚ್ಚು ಉಳಿಕೆ ಇತ್ತು, ಆದ್ರೂ ಖಾಸಗಿ ಶಾಲೆ ಓದಿಗೆ ಸರ್ಕಾರದ ದುಡ್ಡು ಕೊಡ್ಬೇಕಾ ಬೇಡ್ವಾ ಅನ್ನೋ ಜಗಳದಲ್ಲಿ ಸರ್ಕಾರಿ ಸ್ಕೂಲಿನ ದುಡ್ಡೂ ಸಿಕ್ಕಿಹಾಕ್ಕೊಂಡು ಆ ವರ್ಷ ಮೂಲ ಮೊತ್ತ ಏರ್ಲೇ ಇಲ್ಲ. 2025ರಲ್ಲಿ ಕೊನೆಗೂ ಸುಮಾರು 8.5 ಬಿಲಿಯನ್‌ನ ಮಸೂದೆ ಪಾಸಾಯ್ತು, ಅನುಭವ ಇರೋ ಟೀಚರ್‌ಗಳಿಗೆ ಒಳ್ಳೆ ಹೆಚ್ಚಳ ಸಿಕ್ತು, ಅದಕ್ಕೆ ನಿಜವಾಗ್ಲೂ ಖುಷಿಯಿದೆ. ಆದ್ರೆ ಆ ಮೂಲ ಮೊತ್ತ ಏರಿದ್ದು 55 ಡಾಲರ್. ಅದೇ ಅಧಿವೇಶನದಲ್ಲಿ ಖಾಸಗಿ ಶಾಲೆಗಳ ಕಾರ್ಯಕ್ರಮಕ್ಕೆ 1 ಬಿಲಿಯನ್ ಇಟ್ರು.

ಕೋವಿಡ್ ಕಾಲದಲ್ಲಿ ಕೇಂದ್ರದಿಂದ ದೇಶದ ಸ್ಕೂಲುಗಳಿಗೆಲ್ಲ ಸೇರಿ ಮೂರು ಕಂತಲ್ಲಿ ಸುಮಾರು 190 ಬಿಲಿಯನ್ ಬಂದಿತ್ತು, ಅದು 2024ರ ಸೆಪ್ಟೆಂಬರ್‌ಗೆ ಮುಗೀತು, ಅಲ್ಲಿವರೆಗೆ ಮುಚ್ಚಿಟ್ಟಿದ್ದ ತೂತುಗಳೆಲ್ಲ ಆಮೇಲೆ ಕಾಣಿಸೋಕೆ ಶುರುವಾಯ್ತು.

ಇನ್ನೊಂದು ವಿಷಯ, ಇದು ನೇರವಾಗಿ ನಮ್ಮವರಿಗೇ ಸಂಬಂಧಪಟ್ಟಿದ್ದು. ಟೆಕ್ಸಸ್‌ನಲ್ಲಿ ಸ್ಕೂಲಿಗೆ ದುಡ್ಡು ಬರೋದು ಸೇರಿರೋ ಮಕ್ಕಳ ಲೆಕ್ಕದ ಮೇಲಲ್ಲ, ದಿನಾ ಹಾಜರಿರೋ ಮಕ್ಕಳ ಸರಾಸರಿ ಮೇಲೆ. ಡಿಸೆಂಬರ್‌ನಲ್ಲಿ ಟಿಕೆಟ್ ಕಮ್ಮಿ ಅಂತ ರಜೆಗೆ ಒಂದು ವಾರ ಮುಂಚೆ ಬೆಂಗಳೂರಿಗೆ ಹೊರಟು, ಸಂಕ್ರಾಂತಿ ಮುಗಿಸ್ಕೊಂಡು ಒಂದು ವಾರ ತಡವಾಗಿ ಬರ್ತೀವಲ್ಲ, ಆ ದಿನಗಳಲ್ಲಿ ಮಗು ಇಲ್ಲದೇ ಇದ್ದಿದ್ದಕ್ಕೆ ಡಿಸ್ಟ್ರಿಕ್ಟ್‌ಗೆ ದುಡ್ಡು ಕಮ್ಮಿಯಾಗುತ್ತೆ, ಟೀಚರ್ ಸಂಬಳ, ಲೈಟು, ಬಸ್ಸು ಮಾತ್ರ ಅಷ್ಟೇ ಇರುತ್ತೆ. ಅಜ್ಜಿ ತಾತನ್ನ ನೋಡೋಕೆ ಹೋಗ್ಬೇಡಿ ಅಂತ ನಾನು ಯಾವತ್ತೂ ಹೇಳಲ್ಲ, ಮಕ್ಕಳಿಗೆ ಅದಕ್ಕಿಂತ ದೊಡ್ಡದು ಯಾವುದಿದೆ. ಆದ್ರೆ ಟಿಕೆಟ್ ಬುಕ್ ಮಾಡುವಾಗ ಸ್ಕೂಲ್ ಕ್ಯಾಲೆಂಡರ್ ಮುಂದಿಟ್ಕೊಳ್ಳೋದೂ ಸ್ಕೂಲಿಗೆ ಮಾಡೋ ಒಂದು ಸಹಾಯ ಅಂತ ಗೊತ್ತಿರಲಿ.

ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳ್ತಾರೆ. ದಿನನಿತ್ಯದ ಖರ್ಚಿನ ಬಜೆಟ್‌ನಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಹೋಗೋದು ಜನರ ಸಂಬಳಕ್ಕೆ, ಟೀಚರ್, ಬಸ್ ಡ್ರೈವರ್, ನರ್ಸ್, ಕೌನ್ಸೆಲರ್, ಅಡುಗೆಯವರು. ಹೊಸ ಕಟ್ಟಡ, ಸ್ಟೇಡಿಯಂ ಕಟ್ಟೋದು ಬಾಂಡ್ ಸಾಲದಿಂದ, ಅದರ ಟ್ಯಾಕ್ಸೇ ಬೇರೆ, ಆ ದುಡ್ಡಲ್ಲಿ ಸಂಬಳ ಕೊಡೋ ಹಾಗಿಲ್ಲ. ಅಷ್ಟು ದೊಡ್ಡ ಸ್ಟೇಡಿಯಂ ಕಟ್ಟೋಕೆ ದುಡ್ಡಿದೆ, ಟೀಚರಿಗೆ ಕೊಡೋಕಿಲ್ವಾ ಅಂತ ಕೇಳೋವರಿಗೆ ಇಷ್ಟು ಹೇಳಿದ್ರೆ ಅರ್ಧ ಸಿಟ್ಟು ಇಳಿಯುತ್ತೆ.

ಆದ್ರೆ ದುಡ್ಡು ಏನು ಮಾಡುತ್ತೆ ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ನಮ್ಮ ಪರಿಚಯದ ಒಂದು ಮನೆಯಿಂದ. ಮೈಸೂರು ಕಡೆಯವರು, ಎಚ್‌ಒನ್‌ಬಿಯಲ್ಲಿ ಬಂದು ಆಗಿನ್ನೂ ಹೆಚ್ಚು ದಿನ ಆಗಿರ್ಲಿಲ್ಲ, ಮಗುಗೆ ಮೂರು ವರ್ಷ ತುಂಬಿದ್ರೂ ಮಾತು ಬಂದಿರ್ಲಿಲ್ಲ. ಪ್ರೈವೇಟ್ ಥೆರಪಿ ಖರ್ಚು ಕೇಳಿ ಆ ತಾಯಿ ಊರಿಗೇ ವಾಪಸ್ ಹೋಗೋಣ ಅಂತಿದ್ಲು. ಯಾರೋ ಹೇಳಿದ್ರು, ಡಿಸ್ಟ್ರಿಕ್ಟ್‌ಗೆ ಬರೆದು ಕೊಡಿ ಅಂತ. ಬರೆದು ಕೊಟ್ರು. ಅವರು ಮಗುನ ಪರೀಕ್ಷೆ ಮಾಡಿದ್ರು, ಎಆರ್‌ಡಿ ಮೀಟಿಂಗ್, ಅಂದ್ರೆ ಸ್ಪೆಷಲ್ ಎಜುಕೇಷನ್ ತೀರ್ಮಾನ ಮಾಡೋ ಸಮಿತಿಯ ಮೀಟಿಂಗ್ ಕರೆದ್ರು, ಮೇಜಿನ ಸುತ್ತ ಟೀಚರು, ಸ್ಪೀಚ್ ಥೆರಪಿಸ್ಟು, ಸೈಕಾಲಜಿಸ್ಟು ಕೂತು ಈ ಒಂದು ಮಗುಗೆ ಏನು ಬೇಕು ಅಂತ ಕಾಗದದ ಮೇಲೆ ಬರೆದ್ರು. ವೀಸಾ ಯಾವುದು ಅಂತ ಯಾರೂ ಕೇಳ್ಲಿಲ್ಲ, ಮನೆ ಲೀಸು, ಕರೆಂಟ್ ಬಿಲ್ಲು, ಲಸಿಕೆ ದಾಖಲೆ, ಅಷ್ಟೇ. ಯಾವ ದೇಶದಿಂದ ಯಾವ ಕಾಗದದಲ್ಲಿ ಬಂದ ಮಗುವಾದ್ರೂ ಸರ್ಕಾರಿ ಸ್ಕೂಲು ಬಾಗಿಲು ಹಾಕೋ ಹಾಗಿಲ್ಲ ಅಂತ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಆ ಕೇಸು ಕೂಡ ಟೆಕ್ಸಸ್‌ನದೇ, ಟೈಲರ್ ಅನ್ನೋ ಊರಿಂದ ಹೋಗಿದ್ದು. ಆ ಮಗು ಈಗ ಎರಡು ಭಾಷೆಯಲ್ಲಿ ಮಾತಾಡುತ್ತೆ, ಒಂದು ಕನ್ನಡ.

ಈ ಸೇವೆ ಆಕಾಶದಿಂದ ಬಿದ್ದಿದ್ದಲ್ಲ. 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕಾನೂನು ಮಾಡಿದಾಗ ದೇಶದಲ್ಲಿ ಒಂದು ಮಗುವಿನ ಓದಿಗೆ ಆಗೋ ಸರಾಸರಿ ಖರ್ಚಿನ ನೂರಕ್ಕೆ ನಲವತ್ತರಷ್ಟನ್ನ ಅಂಥ ಒಂದೊಂದು ಮಗುವಿಗೂ ನಾವು ಕೊಡ್ತೀವಿ ಅಂತ ಕೇಂದ್ರ ಹೇಳಿತ್ತು, ಯಾವತ್ತೂ ಅಷ್ಟು ಕೊಟ್ಟಿಲ್ಲ. ಟೆಕ್ಸಸ್ ರಾಜ್ಯವಂತೂ 2004ರಿಂದ ಸ್ಪೆಷಲ್ ಎಜುಕೇಷನ್ ಮಕ್ಕಳ ಸಂಖ್ಯೆ ನೂರಕ್ಕೆ 8.5 ದಾಟಬಾರದು ಅಂತ ಡಿಸ್ಟ್ರಿಕ್ಟ್‌ಗಳಿಗೆ ಒಂದು ಗುರಿ ಇಟ್ಟಿತ್ತು, ಅದರಿಂದ ಎಷ್ಟೋ ಮಕ್ಕಳಿಗೆ ಸಿಗ್ಬೇಕಾದ ಸಹಾಯ ಸಿಗ್ಲೇ ಇಲ್ಲ, 2016ರಲ್ಲಿ ಹ್ಯೂಸ್ಟನ್‌ನ ಪತ್ರಿಕೆಯೊಂದು ಅದನ್ನ ಹೊರಗೆ ಹಾಕಿದ ಮೇಲೆ ಮಾರನೇ ವರ್ಷ ತೆಗೆದ್ರು. ಅಂದ್ರೆ ಮೇಜಿನ ಸುತ್ತ ಆ ಜನ ಕೂತಿದ್ದಾರೆ ಅಂದ್ರೆ ಅವರ ಸಂಬಳದ ದೊಡ್ಡ ಪಾಲು ಬಂದಿರೋದು ಊರಿನ ಟ್ಯಾಕ್ಸಿಂದ ಮತ್ತೆ ರಾಜ್ಯದ ದುಡ್ಡಿಂದ, ಅದು ಕಮ್ಮಿಯಾದ ವರ್ಷ ಒಂದು ಕುರ್ಚಿ ಖಾಲಿ.

ಇನ್ನು ಸಾಧನೆ, ರ‍್ಯಾಂಕು, ರೇಟಿಂಗು. ಇಲ್ಲಿ ನನಗೆ ನಮ್ಮ ಜನರ ಮೇಲೆ ಸ್ವಲ್ಪ ಬೇಜಾರಿದೆ. ಹತ್ತಕ್ಕೆ ಹತ್ತು ಇರೋ ಸ್ಕೂಲಲ್ಲಿ ಓದೋ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಇಬ್ಬರೂ ಎಂಜಿನಿಯರುಗಳು, ಸಂಜೆ ಕುಮಾನ್ ಟ್ಯೂಷನ್, ಶನಿವಾರ ಮ್ಯಾಥ್ ಕ್ಲಬ್ಬು, ಆ ಮಾರ್ಕ್ಸ್‌ನಲ್ಲಿ ಮನೆಯ ಪಾಲು ಎಷ್ಟು, ಸ್ಕೂಲಿನ ಪಾಲು ಎಷ್ಟು ಅಂತ ನಾವು ಬೇರ್ಪಡಿಸಿ ನೋಡಲ್ಲ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಅನ್ನೋ ಪ್ರೊಫೆಸರ್ ದೇಶದ ಡಿಸ್ಟ್ರಿಕ್ಟ್‌ಗಳ ಪರೀಕ್ಷೆ ಅಂಕಗಳನ್ನ ಒಟ್ಟಿಗೆ ಸೇರಿಸಿ ನೋಡಿದಾರೆ. ಸರಾಸರಿ ಅಂಕ ಮನೆಯವರ ಆದಾಯದ ಜೊತೆಗೇ ನಡೆಯುತ್ತೆ, ಆದ್ರೆ ಮಕ್ಕಳು ಮೂರನೇ ಕ್ಲಾಸಿಂದ ಎಂಟನೇ ಕ್ಲಾಸಿಗೆ ಬರೋವಷ್ಟರಲ್ಲಿ ಎಷ್ಟು ಮುಂದೆ ಬಂದ್ರು ಅಂತ ಲೆಕ್ಕ ಹಾಕಿದ್ರೆ ಚಿತ್ರವೇ ಬೇರೆ. ಬಡ ಮಕ್ಕಳೇ ತುಂಬಿರೋ ಶಿಕಾಗೋ, ಯಾರೂ ಹೊಗಳದ ಶಿಕಾಗೋ ಡಿಸ್ಟ್ರಿಕ್ಟ್, 2009ರಿಂದ 2014ರ ನಡುವೆ ಐದು ವರ್ಷದಲ್ಲಿ ಮಕ್ಕಳನ್ನ ಆರು ವರ್ಷದಷ್ಟು ಮುಂದೆ ತಂದಿತ್ತು. ನನ್ನ ಕೇಳಿದ್ರೆ ಸಾಧನೆ ಅಂದ್ರೆ ಅದು. ಟೆಕ್ಸಸ್ ಎ ಇಂದ ಎಫ್‌ವರೆಗೆ ಕೊಡೋ ಗ್ರೇಡ್‌ನಲ್ಲೂ ಬರೀ ಅಂಕ ಒಂದು ಭಾಗ, ಮಕ್ಕಳ ಪ್ರಗತಿ ಇನ್ನೊಂದು ಭಾಗ, ಹಿಂದುಳಿದ ಮಕ್ಕಳ ಅಂತರ ಎಷ್ಟು ಕಮ್ಮಿಯಾಯ್ತು ಅನ್ನೋದು ಮೂರನೇದು. ಮನೆ ಹುಡುಕೋವಾಗ ಆ ಎರಡನೇದು ಮೂರನೇದನ್ನೂ ತೆಗೆದು ನೋಡಿ ಅಂತ ನನ್ನ ಕೋರಿಕೆ.

ದುಡ್ಡು ಹಾಕಿದ ಮಾತ್ರಕ್ಕೆ ಓದು ಬರುತ್ತಾ ಅಂತ ವಾದ ಮಾಡೋರು ಇದಾರೆ, 1966ರ ಕೋಲ್ಮನ್ ವರದಿ ಕಾಲದಿಂದಲೂ ಇರೋ ವಾದ. ಆದ್ರೆ 2016ರಲ್ಲಿ ಅರ್ಥಶಾಸ್ತ್ರಜ್ಞ ಕಿರಾಬೋ ಜಾಕ್ಸನ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ, ಕೋರ್ಟ್ ತೀರ್ಪುಗಳಿಂದ ಸ್ಕೂಲ್ ದುಡ್ಡು ಹೆಚ್ಚಾದ ಡಿಸ್ಟ್ರಿಕ್ಟ್‌ಗಳ ಮಕ್ಕಳನ್ನ ದೊಡ್ಡವರಾಗೋವರೆಗೆ ಹಿಂಬಾಲಿಸಿ ನೋಡಿದ್ದು, ಹನ್ನೆರಡೂ ವರ್ಷ ಖರ್ಚು ನೂರಕ್ಕೆ ಹತ್ತು ಹೆಚ್ಚಾದ್ರೆ ಮುಂದೆ ಆ ಮಕ್ಕಳ ಸಂಬಳ ಸುಮಾರು ನೂರಕ್ಕೆ ಏಳು ಹೆಚ್ಚು, ಲಾಭ ಎದ್ದು ಕಂಡಿದ್ದು ಬಡ ಮನೆಯ ಮಕ್ಕಳಲ್ಲಿ. ನನ್ನ ಮಟ್ಟಿಗೆ ಆ ವಾದ ಅಲ್ಲಿಗೆ ಮುಗೀತು.

ಈಗ ನಮ್ಮ ಸಮುದಾಯದ ವಿಷಯಕ್ಕೆ ಬರ್ತೀನಿ. ನಮ್ಮವರು ಸ್ಕೂಲಿಗೆ ಕೊಡೋದ್ರಲ್ಲಿ ಹಿಂದೆ ಬಿದ್ದಿಲ್ಲ. ಪಿಟಿಎಗೆ, ಅಂದ್ರೆ ಪೋಷಕರು ಟೀಚರ್‌ಗಳ ಸಂಘಕ್ಕೆ ಚೆಕ್ ಬರೀತಾರೆ, ತಾವು ಕೊಟ್ಟಿದ್ದಕ್ಕೆ ಕಂಪನಿಯಿಂದಲೂ ಮ್ಯಾಚಿಂಗ್ ದುಡ್ಡು ಹಾಕಿಸ್ತಾರೆ, ಇಂಟರ್‌ನ್ಯಾಷನಲ್ ನೈಟ್ ದಿನ ಚಿತ್ರಾನ್ನ ಮಾಡ್ಕೊಂಡು ಹೋಗ್ತಾರೆ, ರೋಬೋಟಿಕ್ಸ್ ಟೀಮಿಗೆ ರಾತ್ರಿ ಹತ್ತರವರೆಗೆ ಕೂತು ಕೋಚ್ ಮಾಡೋ ಅಪ್ಪಂದಿರು ಇದಾರೆ. ಇದೆಲ್ಲ ಬೇಕು. ಆದ್ರೆ ಪಿಟಿಎ ದುಡ್ಡಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟನ್ನ ವರ್ಷವರ್ಷವೂ ಇಟ್ಕೊಳ್ಳೋಕಾಗಲ್ಲ. ಅದು ತೀರ್ಮಾನ ಆಗೋದು ಬೋರ್ಡ್ ಮೀಟಿಂಗಲ್ಲಿ, ಬಜೆಟ್ ಹಿಯರಿಂಗಲ್ಲಿ, ಮತ್ತೆ ವೋಟಲ್ಲಿ.

ಮೇ ತಿಂಗಳು ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳು ಕಾವೇರುತ್ತೆ, ಯಾಕಂದ್ರೆ ಮೇ 15ರೊಳಗೆ ಅಪ್ರೈಸಲ್ ಪ್ರೊಟೆಸ್ಟ್ ಮಾಡ್ಬೇಕು, ಅಂದ್ರೆ ಟ್ಯಾಕ್ಸಿಗೆ ಅಂತ ಮನೆಗೆ ಕಟ್ಟಿರೋ ಬೆಲೆ ಜಾಸ್ತಿಯಾಯ್ತು ಅಂತ ತಕರಾರು ಹಾಕ್ಬೇಕು, ಯಾರ ಮನೆ ಎಷ್ಟಕ್ಕೆ ಹೋಯ್ತು, ಯಾವ ಏಜೆಂಟ್ ಒಳ್ಳೆಯವನು, ಫೌಂಡೇಷನ್ ಬಿರುಕಿನ ಫೋಟೋ ಹಾಕ್ಬಹುದಾ ಅಂತೆಲ್ಲ ನೂರಾರು ಮೆಸೇಜು. ಅದೇ ಮೇ ತಿಂಗಳ ಮೊದಲ ಶನಿವಾರ ಸ್ಕೂಲ್ ಬೋರ್ಡ್ ಚುನಾವಣೆ ನಡೆದು ಹೋಗಿರುತ್ತೆ, ಅದರ ಬಗ್ಗೆ ಒಂದು ಮೆಸೇಜೂ ಇರಲ್ಲ. ಹಲವು ಕಡೆ ಹತ್ತು ಜನ ಮತದಾರರಲ್ಲಿ ಒಬ್ಬರು ಬಂದ್ರೆ ಹೆಚ್ಚು. ಅಷ್ಟು ಕಮ್ಮಿ ಜನ ವೋಟ್ ಹಾಕೋ ಕಡೆ ನಾಲ್ಕು ಬೀದಿಯ ಮನೆಯವರು ಮನಸ್ಸು ಮಾಡಿದ್ರೆ ಫಲಿತಾಂಶವೇ ಬದಲಾಗಬಹುದು.

2024ರ ನವೆಂಬರ್‌ನಲ್ಲಿ ಫ್ರಿಸ್ಕೋದಲ್ಲಿ ಟ್ಯಾಕ್ಸ್ ರೇಟ್ ಪ್ರಸ್ತಾಪವೂ ಬಾಂಡ್ ಪ್ರಸ್ತಾಪಗಳೂ ಮತದಾರರ ಮುಂದೆ ಬಂದ್ವು, ಸೋತ್ವು. ಬೇಡ ಅಂದವರಿಗೆ ಅವರದ್ದೇ ಕಾರಣಗಳಿರುತ್ತೆ, ಮನೆ ಟ್ಯಾಕ್ಸ್ ನಿಜವಾಗ್ಲೂ ಭಾರ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ 2019ರ ಕಾನೂನಿಂದ ಟೆಕ್ಸಸ್‌ನ ಪ್ರತಿ ಸ್ಕೂಲ್ ಬಾಂಡ್ ಬ್ಯಾಲೆಟ್ ಮೇಲೂ 'ಇದು ಪ್ರಾಪರ್ಟಿ ಟ್ಯಾಕ್ಸ್ ಹೆಚ್ಚಳ' ಅಂತ ಕ್ಯಾಪಿಟಲ್ ಅಕ್ಷರಗಳಲ್ಲಿ ಹಾಕ್ಲೇಬೇಕು, ರೇಟು ಏರದೇ ಇದ್ರೂ ಸರಿ. ಮೊದಲೇ ಓದ್ಕೊಂಡು ಹೋಗದವರು ಆ ಒಂದು ಸಾಲು ನೋಡಿ ಬೇಡ ಅಂತ ಒತ್ತಿ ಬರ್ತಾರೆ. ಪಕ್ಕದ ಪ್ಲೇನೋದಲ್ಲಿ ಮಕ್ಕಳ ಸಂಖ್ಯೆ ಇಳಿದು 2024ರಲ್ಲಿ ನಾಲ್ಕು ಸ್ಕೂಲು ಮುಚ್ಚೋ ತೀರ್ಮಾನ ಆಯ್ತು, ಎರಡು ಎಲಿಮೆಂಟರಿ, ಎರಡು ಮಿಡಲ್. ಮನೆ ಬೆಲೆ ಏರಿ ಚಿಕ್ಕ ಮಕ್ಕಳಿರೋ ಸಂಸಾರಗಳು ಇನ್ನೂ ಉತ್ತರಕ್ಕೆ ಹೋಗ್ತಿದಾವೆ, ಒಳ್ಳೆ ಸ್ಕೂಲಿರೋ ಕಾರಣಕ್ಕೆ ದುಬಾರಿಯಾದ ಊರಲ್ಲಿ ಸ್ಕೂಲಿಗೇ ಮಕ್ಕಳಿಲ್ಲ ಅನ್ನೋ ಹಾಗಾಗ್ತಿದೆ.

ವೋಟು ಹಾಕಿ ಅಂತ ಹೇಳೋದು ಸುಲಭ, ನಮ್ಮಲ್ಲಿ ಎಷ್ಟು ಜನಕ್ಕೆ ವೋಟಿದೆ. ಭಾರತದವರಿಗೆ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು, ಮಗು ಕಿಂಡರ್‌ಗಾರ್ಟನ್ ಸೇರಿ ಹನ್ನೆರಡನೇ ಕ್ಲಾಸು ಮುಗಿಸೋವರೆಗೂ ಟ್ಯಾಕ್ಸ್ ಕಟ್ತಾನೇ ಇರೋ ಅಪ್ಪ ಅಮ್ಮಂಗೆ ಆ ಸ್ಕೂಲಿನ ಬಗ್ಗೆ ಒಂದು ವೋಟೂ ಇರಲ್ಲ. ಇದು ನನಗೆ ನೋವಿನ ವಿಷಯ. ಆದ್ರೆ ವೋಟಿಲ್ಲದವರಿಗೆ ಬಾಯಿ ಇಲ್ಲ ಅಂತ ಯಾವ ಕಾನೂನೂ ಹೇಳಿಲ್ಲ. ಬೋರ್ಡ್ ಮೀಟಿಂಗಲ್ಲಿ ಹೆಸರು ಬರೆಸಿ ಮಾತಾಡ್ಬಹುದು, ಪೌರತ್ವ ಕೇಳಲ್ಲ. ಬಜೆಟ್ ಪಾಸ್ ಮಾಡೋಕೆ ಮುಂಚೆ ಸಾರ್ವಜನಿಕ ಹಿಯರಿಂಗ್ ನಡೆಸ್ಲೇಬೇಕು, ಅಲ್ಲಿಗೆ ಹೋಗ್ಬಹುದು. ಸ್ಕೂಲಿನ ಕಮಿಟಿಗಳಿಗೆ ಪೋಷಕರು ಬೇಕು ಅಂತ ಅವರೇ ಈಮೇಲ್ ಕಳಿಸ್ತಾರೆ, ಆ ಈಮೇಲ್ ತೆಗೆದು ಓದಿ. ಮತ್ತೆ ನಿಮ್ಮ ಮನೆಯಲ್ಲೇ ಇಲ್ಲಿ ಹುಟ್ಟಿದ ಮಗು ಹದಿನೆಂಟಕ್ಕೆ ಬಂದಿದ್ರೆ ಅವರಿಗೆ ವೋಟಿದೆ, ಆ ಸ್ಕೂಲು ಹೇಗಿದೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ.

ಅದಕ್ಕೆ ನಮ್ಮ ಕನ್ನಡ ಸಂಘದವರ ಮುಂದೆ ಒಂದು ಮಾತಿಟ್ಟಿದೀನಿ. ಟೆಕ್ಸಸ್‌ನಲ್ಲಿ ಚುನಾವಣೆಗೆ 30 ದಿನ ಮುಂಚೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಮೇ ಚುನಾವಣೆಗೆ ಅಂದ್ರೆ ಏಪ್ರಿಲ್ ಮೊದಲ ವಾರದ ಹೊತ್ತಿಗೆ. ಯುಗಾದಿ ಮಾರ್ಚ್ ಕೊನೆಯ ಆಸುಪಾಸು ಬೀಳೋ ವರ್ಷಗಳಲ್ಲಿ ನಮ್ಮ ಕಾರ್ಯಕ್ರಮಕ್ಕೆ ಊರಿನ ಕನ್ನಡದವರೆಲ್ಲ ಸೇರೋದೂ ಸರಿಯಾಗಿ ಅದಕ್ಕೆ ಮುಂಚೆ. ಒಬ್ಬಿಬ್ಬರು ಕೌಂಟಿಯಿಂದ ವಾಲಂಟಿಯರ್ ಡೆಪ್ಯುಟಿ ರಿಜಿಸ್ಟ್ರಾರ್, ಅಂದ್ರೆ ಮತದಾರರ ಫಾರ್ಮ್ ತುಂಬಿಸಿಕೊಳ್ಳೋ ಅನುಮತಿ ಇರೋ ಸ್ವಯಂಸೇವಕರು, ಆಗಿ ಬಂದ್ರೆ ಊಟದ ಹಾಲ್ ಹೊರಗೆ ಒಂದು ಟೇಬಲ್ ಹಾಕ್ಬಹುದು. ಸಿಟಿಜನ್ ಆದವರು ಮಾತ್ರ ಫಾರ್ಮ್ ತುಂಬಬೇಕು, ಗ್ರೀನ್ ಕಾರ್ಡ್ ಇದ್ರೂ ಮುಟ್ಟಬಾರದು, ಅದು ಇಮಿಗ್ರೇಷನ್ ಕೇಸಿಗೇ ತೊಂದರೆ, ಇದನ್ನ ದೊಡ್ಡದಾಗಿ ಬರೆದು ಅಂಟಿಸಬೇಕು. ಯಾವ ಕ್ಯಾಂಡಿಡೇಟ್ ಪರವೂ ಸಂಘ ಮಾತಾಡೋ ಹಾಗಿಲ್ಲ, ಮಾತಾಡೋದೂ ಬೇಡ. ಪಕ್ಕದಲ್ಲೇ ಇನ್ನೊಂದು ಕಾಗದ, ಅದರಲ್ಲಿ ನಮ್ಮ ಸುತ್ತಲಿನ ಡಿಸ್ಟ್ರಿಕ್ಟ್‌ಗಳ ಬೋರ್ಡ್ ಮೀಟಿಂಗ್ ತಾರೀಕು, ಬಜೆಟ್ ಹಿಯರಿಂಗ್ ತಾರೀಕು, ಮಾತಾಡೋಕೆ ಹೆಸರು ಬರೆಸೋದು ಹೇಗೆ ಅಂತ ಕನ್ನಡದಲ್ಲಿ. ಆ ಕಾಗದ ತಯಾರು ಮಾಡೋ ಕೆಲಸ ನಾನು ತಗೊಂಡಿದೀನಿ, ಟೇಬಲ್ ಹತ್ರ ಕೂರೋಕೆ ಇನ್ನೂ ಜನ ಬೇಕು.